ಗೋಡೆಗೆ ಮಾಡಿದ ಪಾಠ

ಪ್ಯಾರಿಸಿನ ಗಣಿತ ಪಂಡಿತರನ್ನು ನನ್ನೆದುರು ಯಾರೂ ಹೊಗಳಬೇಡಿ. ಅವರ ಮನೆಗಳ ಮೆಟ್ಟಿಲು ಹತ್ತಿ ಇಳಿದವಳು ನಾನು. ಅವರ ಕರಿ ಕೋಟು, ನಶ್ಯದ ಡಬ್ಬಿ, ಒಬ್ಬನ ಬೆನ್ನ ಹಿಂದೆ ಇನ್ನೊಬ್ಬ ಆಡುವ ಮಾತು, ಎಲ್ಲ ಕಂಡಿದ್ದೇನೆ. ನನ್ನ ಗಂಡನೂ ಅದೇ ಜಾತಿಯವನು. ಅವನೊಬ್ಬ ಬೇರೆ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು.

ಅವನ ಹೆಸರು ಅನ್ಸೆಲ್ಮ್ ವೋದ್ರೆ. ಹುಟ್ಟಿದ್ದು ಜೂರಾ ಬೆಟ್ಟದ ಕೆಳಗೆ, ಚೀಸ್ ಮಾಡುವವರ ಮನೆಯಲ್ಲಿ. ಅಪ್ಪ, ಅಣ್ಣ ನೆಲಮಾಳಿಗೆಯಲ್ಲಿ ಗಾಲಿಯಂಥ ಚೀಸುಗಳಿಗೆ ಉಪ್ಪು ತಿಕ್ಕುತ್ತಿದ್ದರೆ ಇವನು ಪಕ್ಕದಲ್ಲಿ ದೀಪ ಹಿಡಿದುಕೊಂಡು, ದುಂಡನೆಯ ಚೀಸಿನ ನೆರಳು ಗೋಡೆಯ ಮೇಲೆ ಮೊಟ್ಟೆಯಂತೆ ಎಳೆದುಕೊಳ್ಳುವುದನ್ನು ನೋಡುತ್ತ ನಿಂತಿರುತ್ತಿದ್ದನಂತೆ. ನೆರಳಾದಾಗ ಉದ್ದ ಬದಲಾಗುತ್ತದೆ, ಕೋನ ಬದಲಾಗುತ್ತದೆ. ಹಾಗಾದರೆ ಬದಲಾಗದೆ ಉಳಿಯುವುದು ಏನು? ಅವನ ಜೀವಮಾನದ ಕೆಲಸವೆಲ್ಲ ಈ ಒಂದು ಪ್ರಶ್ನೆಯೇ. ಅದಕ್ಕೆ ಪ್ರಕ್ಷೇಪ ರೇಖಾಗಣಿತ ಎನ್ನುತ್ತಾರೆ. ಆ ಲೋಕದಲ್ಲಿ ಸಮಾನಾಂತರ ರೇಖೆಗಳೂ ದೂರದಲ್ಲೆಲ್ಲೋ ಸೇರುತ್ತವೆ. ಮದುವೆಯಾದ ಹೊಸತರಲ್ಲಿ ನಾನು, "ಎಷ್ಟು ದೂರದಲ್ಲಿ ರೀ?" ಎಂದು ಕೇಳಿದ್ದೆ. "ನಿನ್ನ ತಲೆಗೆ ಎಟುಕದಷ್ಟು ದೂರ," ಎಂದಿದ್ದ. ನನ್ನ ಜೊತೆ ಅವನು ಆಡಿದ ಸರಸದ ಮಾತುಗಳಲ್ಲಿ ಇದೇ ಮೊದಲನೆಯದು.

ಅವನಿಗೆ ಯಾರನ್ನು ಕಂಡರೂ ತಾತ್ಸಾರ. ಬೀಜಗಣಿತದವರು ಅವನ ಬಾಯಲ್ಲಿ ಗುಮಾಸ್ತರು. ಎಂಜಿನಿಯರುಗಳು ಸುಣ್ಣ ಕಲಸುವವರು. ನಾನು ಬಿಡಿ, ಒದೀಲ್ ಎಂಬ ಹೆಸರಿದ್ದೂ ಸೂಪು ಕಾಯಿಸುವವಳು. ತಾತ್ಸಾರದಲ್ಲೂ ಅವನಿಗೆ ದೊಡ್ಡ ತಾತ್ಸಾರ ಚಿತ್ರಗಳ ಮೇಲೆ. ರೇಖಾಗಣಿತದ ಪಾಠಕ್ಕೆ ಚಿತ್ರ ಬರೆಯದೆ ಮಾಡುವುದು ಆಗ ಪ್ಯಾರಿಸಿನಲ್ಲಿ ಒಂದು ಹಿರಿಮೆ. ಬರಿಗೈಯಲ್ಲಿ ನಿಂತು, ಬರೀ ಮಾತಿನಿಂದ ಕೇಳುವವರ ತಲೆಯೊಳಗೆ ಆಕೃತಿ ಕಟ್ಟಬೇಕು. ಸೀಮೆಸುಣ್ಣ ಮುಟ್ಟಿದವನು ಕೀಳು. "ಚಿತ್ರ ಬೇಕಾಗೋದು ಬಡಗಿಗೆ, ಇಲ್ಲಾ ಹಾಲುಗಲ್ಲದ ಮಕ್ಕಳಿಗೆ," ಎನ್ನುತ್ತಿದ್ದ ನನ್ನ ಗಂಡ. ಅವನ ಪುಸ್ತಕದಲ್ಲೂ ಒಂದು ಗೆರೆ ಇಲ್ಲ. ಆ ಪುಸ್ತಕ ಓದಿದವರೂ ಹೆಚ್ಚಿಲ್ಲ.

ಇಡೀ ಪ್ರಪಂಚದಲ್ಲಿ ಅವನು ತಲೆಬಾಗುತ್ತಿದ್ದುದು ಒಬ್ಬರಿಗೆ ಮಾತ್ರ, ಅವನ ಗುರು ತಾರ್ದಿವೆಲ್ ಅವರಿಗೆ. ಎಂಬತ್ತರ ಹತ್ತಿರದ ಮುದುಕರು. ಇವನನ್ನು ಚೀಸಿನ ಮಾಳಿಗೆಯಿಂದ ಎತ್ತಿ ತಂದು ಕಲಿಸಿದವರು. "ಅವರು ಕೇಳಿಸಿಕೊಂಡರೆ ಸಾಕು, ಉಳಿದವರು ಕಿವುಡಾದರೂ ಚಿಂತೆಯಿಲ್ಲ," ಎನ್ನುತ್ತಿದ್ದ. ಅಂಥ ಮಾತು ನನ್ನ ಬಗ್ಗೆ ಒಂದು ದಿನವೂ ಬರಲಿಲ್ಲ, ಬರಲಿ ಎಂದು ಕಾದದ್ದು ನನ್ನ ದಡ್ಡತನ.

ಲೂಯಿ ಫಿಲಿಪ್ ರಾಜನ ಕೊನೆಯ ವರ್ಷಗಳು ಅವು. ಅನ್ಸೆಲ್ಮ್ ಪಾಠ ಹೇಳುತ್ತಿದ್ದ ಸಣ್ಣ ಶಾಲೆ ಮುಚ್ಚಿಹೋಗಿತ್ತು. ಅಷ್ಟರಲ್ಲಿ ಪ್ಯಾರಿಸಿನ ಒಂದು ದೊಡ್ಡ ಶಾಲೆಯಲ್ಲಿ ರೇಖಾಗಣಿತಕ್ಕೆಂದೇ ಹೊಸ ಪ್ರಾಧ್ಯಾಪಕ ಪೀಠ ಆಗುತ್ತದೆ ಎಂಬ ಸುದ್ದಿ ಬಂತು. ಆಯ್ಕೆ ಸಮಿತಿಗೆ ತಾರ್ದಿವೆಲ್ ಅವರೇ ಅಧ್ಯಕ್ಷರು. ಎದುರಾಳಿ ಗೊಂಬೋ ಎಂಬ ಬೀಜಗಣಿತದವನು. ಪೀಠ ಸಿಕ್ಕರೆ ಸಾಯುವವರೆಗೂ ಅನ್ನಕ್ಕೆ ದಾರಿ. ಸಿಗದಿದ್ದರೆ ಜೂರಾಕ್ಕೆ ಹೋಗಿ ಅಣ್ಣನ ಮನೆಬಾಗಿಲಲ್ಲಿ ನಿಲ್ಲಬೇಕು. ಆ ಅಣ್ಣನನ್ನು ಇವನು ಇಪ್ಪತ್ತು ವರ್ಷದಿಂದ ಉಪ್ಪು ತಿಕ್ಕುವವನು ಎಂದು ಆಡಿಕೊಂಡು ಬಂದಿದ್ದ.

ಆಗಲೇ ನನಗೆ ಗೊತ್ತಾದದ್ದು. ಒಂದು ಮಧ್ಯಾಹ್ನ ನಾನು ಅಡುಗೆ ಕೋಣೆಯಿಂದ ಬಂದಾಗ ಅವನು ಗೂಟಕ್ಕೆ ಹಾಕಿದ್ದ ನನ್ನ ಮೇಲಂಗಿಗೆ ಸೊಪ್ಪು ಚೆನ್ನಾಗಿ ಬೆಂದಿರಲಿಲ್ಲವೆಂದು ಬೈಯುತ್ತಿದ್ದ.

"ರೀ, ನಾನು ಇಲ್ಲಿದ್ದೀನಿ," ಎಂದೆ.

ಅವನು ತಿರುಗಲಿಲ್ಲ. "ಗೊತ್ತು," ಎಂದ.

"ನಿಮ್ಮ ಕಣ್ಣು ಹೋಗಿದೆ."

"ಬೆಳಕು ಸರಿಯಿಲ್ಲ."

"ಹೊರಗೆ ರಣಬಿಸಿಲು ಕಣ್ರೀ!"

ಅವನು ತಡವಿಕೊಂಡು ಕುರ್ಚಿಯಲ್ಲಿ ಕೂತ. ಆಮೇಲೆ, "ಕಣ್ಣು ಬೇಕಾಗೋದು ಭೂಮಿ ಅಳೆಯೋರಿಗೆ. ನಾನು ಮಾಡೋ ಕೆಲಸಕ್ಕೆ ಅದ್ಯಾಕೆ?" ಎಂದ. ಚಳಿಗಾಲದಿಂದಲೇ ಮಸುಕಾಗುತ್ತ ಬಂದು ಈಗ ಪೂರ್ತಿ ಆರಿಹೋಗಿತ್ತಂತೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದೇ ಹಾಸಿಗೆಯಲ್ಲಿ ಮಲಗುವವಳಿಗೆ ಹೇಳದೆ ಇವನು ಹೇಗೆ ಮುಚ್ಚಿಟ್ಟ!

"ಯಾರಿಗೂ ಬಾಯಿ ಬಿಡಬೇಡ," ಎಂದ. "ಕುರುಡ ಅಂತ ಗೊತ್ತಾದ್ರೆ ಪಾಪ ಅಂತಾರೆ. ಬೈಗುಳ ತಿಂದೇನು, ಅವರ 'ಪಾಪ' ನನಗೆ ಬೇಡ."

ಆ ಊರಿನ ಪದ್ಧತಿ ಹೀಗೆ: ಪೀಠ ಬೇಕಾದವನು ಸಮಿತಿಯ ಒಬ್ಬೊಬ್ಬರ ಮನೆಗೂ ಹೋಗಿ ಮುಖ ತೋರಿಸಿ ಬರಬೇಕು. ಹೆಂಡತಿಯನ್ನು ಕರೆದುಕೊಂಡು ಹೋಗುವುದು ರೂಢಿಯಲ್ಲ. ನಾನು ತೋಳು ಹಿಡಿದು ಹೋದೆ. "ವೋದ್ರೆಗೆ ಹೆಂಡತಿ ಸೆರಗು ಬಿಟ್ಟಿರೋಕಾಗಲ್ಲ," ಎಂದು ನಕ್ಕರು. ನಗಲಿ ಎಂದು ಬಿಟ್ಟೆ.

ಎಲ್ಲ ಮನೆಯದೂ ಹೇಳಿ ಬೇಸರ ಮಾಡುವುದಿಲ್ಲ, ದೆಲ್ಪೆಶ್ ಎಂಬ ದಢೂತಿಯ ಮನೆಯದು ಹೇಳಿದರೆ ಸಾಕು. ಆತ ಕಾಫಿ ತರಿಸಿದ. ಮೇಜಿನ ಮೇಲೆ ತಾನು ವಾರಗಟ್ಟಲೆ ಕೂತು ಬರೆದ ಒಂದು ದೊಡ್ಡ ನಕ್ಷೆ ಹರಡಿದ. "ವೋದ್ರೆ ಅವರೇ, ಈ ವಕ್ರರೇಖೆ ನೋಡಿ ಒಂದು ಮಾತು ಹೇಳಿ," ಎಂದ. ಅನ್ಸೆಲ್ಮ್ ಕಾಫಿ ಕುಡಿದು ಮುಗಿಸಿ, ಒದ್ದೆ ಬಟ್ಟಲನ್ನು ಸರಿಯಾಗಿ ಆ ನಕ್ಷೆಯ ನಡುವೆ ಇಟ್ಟ.

ದೆಲ್ಪೆಶ್ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಆದರೆ ಎರಡೇ ದಿನದಲ್ಲಿ ಆ ಮನುಷ್ಯ ಪ್ಯಾರಿಸೆಲ್ಲ ಡಂಗುರ ಹೊಡೆದ: "ನನ್ನ ನಕ್ಷೆ ಮೇಲೆ ಬಟ್ಟಲು ಕುಕ್ಕಿದ ಮಾರಾಯ! ತಿರುಗಿ ಕೂಡ ನೋಡ್ಲಿಲ್ಲ! ಎಂಥಾ ಗರ್ವ! ಇಷ್ಟು ಗರ್ವ ಇರಬೇಕಾದ್ರೆ ಒಳಗೆ ಏನೋ ಇದೆ." ನೋಡಿ, ಇವರ ಬುದ್ಧಿ ಹೀಗೆ. ಕೈಮುಗಿದು ಬಂದವನನ್ನು ಕಾಲಲ್ಲಿ ಒದೆಯುತ್ತಾರೆ, ಒದ್ದವನ ಕಾಲು ಹುಡುಕಿಕೊಂಡು ಹೋಗುತ್ತಾರೆ. ಗೊಂಬೋ ಪಾಪದವನು, ಎಲ್ಲರ ನಕ್ಷೆಯನ್ನೂ ಹೊಗಳಿ ಬಂದಿದ್ದ. ಅವನನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಇನ್ನು ಉಳಿದದ್ದು ಪರೀಕ್ಷೆಯ ಪಾಠ. ಸಮಿತಿಯ ಎದುರು ವೇದಿಕೆಯ ಮೇಲೆ ನಿಂತು ಒಂದು ಗಂಟೆ ಪಾಠ ಮಾಡಬೇಕು. ಅಲ್ಲಿಗೆ ತೋಳು ಹಿಡಿದು ಹೋಗುವಂತಿಲ್ಲ. ನಾನು ಹಿಂದಿನ ಭಾನುವಾರ ಕಾವಲುಗಾರನನ್ನು ಕಾಡಿ ಬೇಡಿ ಖಾಲಿ ಸಭಾಂಗಣಕ್ಕೆ ಇವನನ್ನು ಕರೆದುಕೊಂಡು ಹೋದೆ.

"ಹೆಜ್ಜೆ ಎಣಿಸ್ಕೊಳ್ಳಿ," ಎಂದೆ.

"ಎಣಿಸೋದು ಗೊಂಬೋ ಕೆಲಸ," ಎಂದ. ಕುಣಿಗೆ ಬೀಳುವಾಗಲೂ ಬೀಜಗಣಿತದ ಸಹಾಯ ಬೇಡ ಇವನಿಗೆ! "ಕಬ್ಬಿಣದ ಒಲೆ ಎಲ್ಲಿದೆ? ಅದರ ಶಾಖ ಒಂದು ಬಿಂದು. ಬಾಗಿಲ ಗಾಳಿ ಇನ್ನೊಂದು ಬಿಂದು. ಎರಡು ಬಿಂದು ಇದ್ರೆ ರೇಖೆ ಇದ್ದ ಹಾಗೇ." ಎಡಗೆನ್ನೆಗೆ ಶಾಖ, ಬೆನ್ನಿಗೆ ಗಾಳಿ ಇಟ್ಟುಕೊಂಡು ನೆಟ್ಟಗೆ ಹೋಗಿ ಮೇಜು ಮುಟ್ಟಿದ. ಸಭೆಯ ಕಡೆ ತಿರುಗಿ ನಿಂತ. ಮತ್ತೆ ಮತ್ತೆ ಮಾಡಿ ತೋರಿಸಿದ. ಮಗುವಿನಂತೆ ಬೀಗಿದ. ನನಗೂ ಧೈರ್ಯ ಬಂತು.

ಪಾಠದ ದಿನ ಬಿಸಿಲು ಹೊಳೆಯುತ್ತಿತ್ತು. ಏಪ್ರಿಲ್ ತಿಂಗಳಲ್ಲೇ ಸೆಕೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ, ಒಲೆ ಹಚ್ಚಿಲ್ಲ! ಕೂಗಿ ಹೇಳಲಾರೆ, ಎದ್ದು ಓಡಲಾರೆ. ಅನ್ಸೆಲ್ಮ್ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಕೆನ್ನೆ ಎತ್ತಿ ಶಾಖ ಹುಡುಕಿದ. ಎದುರಿನ ದೊಡ್ಡ ಕಿಟಕಿಯಿಂದ ಬಿಸಿಲು ಓರೆಯಾಗಿ ಬಲಗೆನ್ನೆಗೆ ಬಡಿಯುತ್ತಿತ್ತು. ಅದನ್ನೇ ಒಲೆ ಎಂದುಕೊಂಡನೋ ಏನೋ, ಬಿಸಿಲು ಎಡಕ್ಕೆ ಬರುವ ಹಾಗೆ ಮೈ ಸ್ವಲ್ಪ ತಿರುಗಿಸಿಕೊಂಡು ನಡೆದ. ದೇವರ ದಯೆ, ವೇದಿಕೆ ಹತ್ತಿದ, ಎಡವಲಿಲ್ಲ. ಮೇಜು ಕೈಗೆ ಸಿಗದೆ ದಾಟಿ ಹೋಗಿ, ದಿಕ್ಕು ತಪ್ಪಿ, ಕರಿಹಲಗೆಯ ಎದುರು, ಗೋಡೆಗೆ ಮುಖ ಮಾಡಿ ನಿಂತ. ಸಮಿತಿಗೆ ಬೆನ್ನು!

ಸಭೆಯಲ್ಲಿ ಗುಜುಗುಜು ಎದ್ದಿತು. ಅವನು ಗಂಟಲು ಸರಿಮಾಡಿಕೊಂಡು, "ಮಹನೀಯರೇ," ಎಂದು ಗೋಡೆಗೆ ಹೇಳಿದ.

ಆಮೇಲೆ ಮಾಡಿದ ಪಾಠದ ಬಗ್ಗೆ ನಾನು ಸುಳ್ಳು ಹೇಳಲಾರೆ. ಅಂಥ ಪಾಠ ಅವನು ಹಿಂದೆ ಎಂದೂ ಮಾಡಿರಲಿಲ್ಲ. ಕೈಯೆತ್ತಿ ಗಾಳಿಯಲ್ಲಿ ಒಂದು ದೀಪ ಇಟ್ಟ. ದೀಪದ ಮುಂದೆ ಒಂದು ತ್ರಿಕೋನ ಹಿಡಿದ. ಆಚೆ ಒಂದು ಗೋಡೆ ನಿಲ್ಲಿಸಿ ಅದರ ಮೇಲೆ ನೆರಳಿನ ತ್ರಿಕೋನ ಬೀಳಿಸಿದ. ಇದರ ಬದಿ, ಅದರ ಬದಿ, ಜೋಡಿ ಜೋಡಿಯಾಗಿ ಬೆಳೆಸುತ್ತ ಹೋದರೆ ಅವು ಸೇರುವ ಮೂರು ಬಿಂದುಗಳೂ ಒಂದೇ ನೇರದಲ್ಲಿ ನಿಲ್ಲುತ್ತವೆ, ಎರಡೂ ತ್ರಿಕೋನ ಒಂದೇ ಗೋಡೆಯ ಮೇಲಿದ್ದರೂ ಅಷ್ಟೇ ಎಂದ. ಹಲಗೆಯ ಮೇಲೆ ಒಂದು ಚುಕ್ಕೆಯೂ ಇಲ್ಲ, ಆದರೂ ಸೂಪು ಕಾಯಿಸುವ ನನಗೆ ಆ ನೇರ ಕಾಣಿಸಿತು. ಈ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿತು. ಮೂರ್ಖ, ಗೋಡೆಗೆ ಹೇಳುತ್ತಿದ್ದಾನಲ್ಲ ಎಂದು ಕಣ್ಣೀರೂ ಬಂತು.

ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. "ಬೆನ್ನು ತಿರುಗಿಸಿ ಮಾಡಿದ ನೋಡಿದ್ರಾ! ಇಡೀ ಸಮಿತಿಗೆ!" ಎಂದು ಒಬ್ಬ. "ಮುಖ ಕೊಟ್ಟು ಮಾತಾಡೋದಕ್ಕೂ ನಾವು ಯೋಗ್ಯರಲ್ಲ ಅಂದ ಹಾಗಾಯ್ತು!" ಎಂದು ಇನ್ನೊಬ್ಬ, ಲಾಟರಿ ಹೊಡೆದವನ ಮುಖ ಮಾಡಿಕೊಂಡು. ಅಲ್ಲೇ ಒಕ್ಕೊರಲಿನಿಂದ ಅನ್ಸೆಲ್ಮ್‌ನನ್ನು ಆರಿಸಿದರು. ಇನ್ನು ಅಧ್ಯಕ್ಷರ ವರದಿ ಮಂತ್ರಿಗೆ ಹೋಗಿ ಆದೇಶ ಬರುವುದಷ್ಟೇ ಬಾಕಿ.

ತಾರ್ದಿವೆಲ್ ಕೋಲೂರಿಕೊಂಡು ವೇದಿಕೆಗೆ ಬಂದರು. ಮಾತಿಲ್ಲದೆ ಕೈ ಚಾಚಿದರು. ಅನ್ಸೆಲ್ಮ್ ಈಗ ಸಭೆಯ ಕಡೆ ತಿರುಗಿದ್ದ, ಆದರೆ ಆ ಕೈ ಅವನಿಗೆ ಎಲ್ಲಿ ಕಾಣಬೇಕು? ಎಂದಿನ ಅಭ್ಯಾಸದಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಗದ್ದ ಎತ್ತಿ ನಿಂತ. ಮುದುಕರ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಅವರ ತುಟಿ ಅದುರಿದ್ದನ್ನು ನಾನು ಕಂಡೆ. ಕೈ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದರು.

ಅವನ ತೋಳು ಹಿಡಿದು ಬೀದಿಗೆ ಕರೆತಂದೆ. ಹೂವಿನ ಗಾಡಿಗಳನ್ನು ದಾಟಿದ ಮೇಲೆ ತಡೆಯಲಾಗಲಿಲ್ಲ.

"ನಿಮ್ಮ ಗುರುಗಳು ಕೈ ಚಾಚಿದ್ರು. ನೀವು ತಗೊಳ್ಲಿಲ್ಲ."

ಅವನು ನಡುಬೀದಿಯಲ್ಲಿ ನಿಂತುಬಿಟ್ಟ. ಹಿಂದಿನ ಗಾಡಿಯವನು ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈದ. "ಯಾವಾಗ?" ಎಂದ ಅನ್ಸೆಲ್ಮ್.

"ಈಗ್ಲೇ, ವೇದಿಕೆ ಮೇಲೆ."

"ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಪೀಠ ಹೋಗ್ತಿತ್ತು. ಆದೇಶ ಒಂದು ಬಂದುಬಿಡ್ಲಿ, ಆಮೇಲೆ ಹೋಗಿ ಕಾಲು ಹಿಡಿಯೋಣ."

"ಅಷ್ಟರಲ್ಲಿ ಅವರು ಸತ್ತುಹೋದ್ರೆ? ನಾನು ಅವಮಾನ ಮಾಡಿದೆ ಅಂತ್ಲೇ ಸಾಯಬೇಕಾ?" ಅವನ ದನಿ ನಡುಗಿತು. ಅವನ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಡಿ ಅವರ ಮನೆಗೆ."

"ಅನ್ಸೆಲ್ಮ್, ಅಣ್ಣನ ಮನೆ ನೆನಪಿಟ್ಕೊಳ್ಳಿ."

"ನಡಿ ಅಂದೆ."

ತಾರ್ದಿವೆಲ್ ಅವರ ಮನೆಗೆಲಸದ ಬ್ರಿಜಿತ್ ಬಾಗಿಲು ತೆಗೆದಳು. ಒಳಗೆ ಮುದುಕರು ಅಳುತ್ತ ಕೂತಿರುತ್ತಾರೆಂದು ನಾನು ಹೆದರಿದ್ದೆ. ನೋಡಿದರೆ ದೆಲ್ಪೆಶ್ ಜೊತೆ ವೈನ್ ಬಾಟಲಿ ತೆರೆದುಕೊಂಡು ಕೂತಿದ್ದಾರೆ! ಕೆನ್ನೆಯೆಲ್ಲ ಕೆಂಪೇರಿದೆ.

"ಬಾರಯ್ಯಾ, ಬಾ!" ಎಂದು ಕೂಗಿದರು. "ಎಂಥಾ ಪೆಟ್ಟು ಕೊಟ್ಟೆ! ಬೆನ್ನು ತಿರುಗಿಸಿದ್ದು ಸಾಲ್ದು ಅಂತ ನನ್ನ ಕೈಯನ್ನೂ ಮುಟ್ಲಿಲ್ವಲ್ಲ! ಐವತ್ತು ವರ್ಷದಿಂದ ಈ ದಂಡಪಿಂಡಗಳಿಗೆ ಹಾಗೆ ಮಾಡ್ಬೇಕು ಅಂತ ನನಗೆ ಆಸೆ ಇತ್ತು. ಧೈರ್ಯ ಬರ್ಲಿಲ್ಲ. ನನ್ನ ಶಿಷ್ಯ ಮಾಡಿ ತೋರಿಸ್ದ. ಕುಡಿ ದೆಲ್ಪೆಶ್, ಕುಡಿ!"

ಆಗ ಅದುರಿದ್ದು ಸಂತೋಷದ ತುಟಿ! ನನ್ನ ತಲೆಯ ಮೇಲಿದ್ದ ಬಂಡೆ ಇಳಿಯಿತು. ಇನ್ನು ಇವನು ಬಾಯಿ ಮುಚ್ಚಿಕೊಂಡು ಒಂದು ಲೋಟ ವೈನ್ ಕುಡಿದರೆ ಆಯಿತು, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವನ ತೋಳನ್ನು ಗಟ್ಟಿಯಾಗಿ ಜಿಗುಟಿದೆ. ಅವನಿಗೆ ತಿಳಿಯಿತು. ತಿಳಿದೂ ತೋಳು ಬಿಡಿಸಿಕೊಂಡ.

"ಗುರುಗಳೇ, ನಾನು ನಿಮ್ಮ ಕೈ ಕಾಣ್ಲಿಲ್ಲ. ನನಗೆ ಕಣ್ಣು ಹೋಗಿದೆ."

ದೆಲ್ಪೆಶ್ ಲೋಟ ಕೆಳಗಿಟ್ಟ. ತಾರ್ದಿವೆಲ್ ಅವರ ನಗು ಮುಖದ ಮೇಲೆಯೇ ಒಣಗಿತು.

"ಹಾಗಾದ್ರೆ ಗೋಡೆ ಕಡೆ ತಿರುಗಿದ್ದು?"

"ದಾರಿ ತಪ್ಪಿದೆ. ಒಲೆ ಹಚ್ಚಿರ್ಲಿಲ್ಲ."

"ನನ್ನ ನಕ್ಷೆ ಮೇಲೆ ಬಟ್ಟಲು?" ಎಂದ ದೆಲ್ಪೆಶ್.

"ಅದು ಮೇಜು ಅಂದ್ಕೊಂಡೆ, ಸ್ವಾಮಿ. ತಪ್ಪಾಯ್ತು."

ಅನ್ಸೆಲ್ಮ್ ವೋದ್ರೆ ಒಬ್ಬನ ಎದುರು ತಪ್ಪಾಯಿತು ಎಂದ! ಅದನ್ನು ಕೇಳಿಯಾದರೂ ಇವರ ಮನಸ್ಸು ಕರಗಬೇಕಿತ್ತು. ದೆಲ್ಪೆಶ್ ಹೊಟ್ಟೆ ಕುಣಿಸಿಕೊಂಡು ನಕ್ಕ. "ಅಯ್ಯೋ ನಿನ್ನ! ನಾನು ಊರೆಲ್ಲ ಹೇಳ್ಕೊಂಡು ಬಂದೆ. ಗರ್ವ ಅಲ್ವಂತಾ ಅದು? ಬರೀ ಕುರುಡಾ?"

ತಾರ್ದಿವೆಲ್ ನಗಲಿಲ್ಲ. ಅವರ ಮುಖದಲ್ಲಿದ್ದುದು ಮೋಸಹೋದವನ ಸಿಟ್ಟು. "ನಾನು ಹೊಗಳಿದ್ದು ಹೆದರದೆ ಬೆನ್ನು ತಿರುಗಿಸಿದವನನ್ನ. ನೀನು ದಾರಿ ತಪ್ಪಿ ನಿಂತವನು. ಛೆ!" ಎಂದರು. ಆಮೇಲೆ ನಶ್ಯ ಏರಿಸಿ, ಮೂಗು ಒರೆಸಿಕೊಂಡು, ಅಧ್ಯಕ್ಷರ ದನಿ ತಂದುಕೊಂಡರು. "ವರದಿ ಇನ್ನೂ ಕಳ್ಸಿಲ್ಲ, ಒಳ್ಳೇದಾಯ್ತು. ಗೊಂಬೋ ಹೆಸರನ್ನೇ ಬರೀಬೇಕಾಗತ್ತೆ. ಅಲ್ಲಪ್ಪಾ, ಹುಡುಗರ ನಕ್ಷೆಗಳನ್ನ ಯಾರು ತಿದ್ದೋದು?"

ನನಗೆ ಮೈಮೇಲೆ ಬಂದ ಹಾಗಾಯಿತು. ಪಾಠದಲ್ಲಿ ಚಿತ್ರ ಬರೆದರೆ ಮೈಲಿಗೆ ಎನ್ನುವ ಈ ಮಹಾನುಭಾವರಿಗೆ ಇವತ್ತು ಇದ್ದಕ್ಕಿದ್ದಂತೆ ಹುಡುಗರ ನಕ್ಷೆಯ ಚಿಂತೆ! "ಸ್ವಾಮಿ, ಒಂದು ಗಂಟೆ ಪಾಠ ಕೇಳಿದ್ರಲ್ಲ," ಎಂದೆ. "ಅದು ಮುಖದಿಂದ ಬಂತೋ ಬೆನ್ನಿಂದ ಬಂತೋ, ಪಾಠ ಹೇಗಿತ್ತು ಅಂತ ಒಬ್ರೂ ಹೇಳ್ತಿಲ್ವಲ್ಲ!"

"ಪಾಠನಾ?" ಎಂದ ದೆಲ್ಪೆಶ್. "ನಿಜ ಹೇಳ್ಬೇಕು ಅಂದ್ರೆ, ತಾಯೀ, ನಾನು ಪೂರ್ತಿ ಆ ಬೆನ್ನನ್ನೇ ನೋಡ್ತಾ ಕೂತಿದ್ದೆ."

ತಾರ್ದಿವೆಲ್ ಎದ್ದು ಬಂದರು. ಸಿಟ್ಟು ಇಳಿದಿತ್ತು, ಅದಕ್ಕಿಂತ ಕೆಟ್ಟದ್ದು ಬಂದಿತ್ತು. ಅನ್ಸೆಲ್ಮ್‌ನ ಕೈ ಹಿಡಿದು, ಜ್ವರ ಬಂದ ಮಗುವಿನ ಕೈಯನ್ನು ತಟ್ಟಿದ ಹಾಗೆ ತಟ್ಟತೊಡಗಿದರು. "ಪಾಪ," ಎಂದರು. "ಪಾಪ, ಪಾಪ. ಚೆನ್ನಾಗಿ ಮಾಡ್ದೆ ಕಣಯ್ಯಾ. ನಾನು ಕೇಳ್ದೆ, ಎಲ್ಲಾ ಕೇಳ್ದೆ."

ಅನ್ಸೆಲ್ಮ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಪೀಠ ಹೋದ ಸಂಕಟ ಅವನ ಮುಖದಲ್ಲಿ ಇರಲೇ ಇಲ್ಲ. "ಕೇಳಿದ್ರಾ? ಹಾಗಾದ್ರೆ ನೀವು ಹಿಡಿದಿರ್ತೀರಿ," ಎಂದ. "ನಡುವೆ ನನ್ನ ದನಿ ನನಗೇ ವಾಪಸ್ ಬಡೀತಾ ಇತ್ತು. ಗೋಡೆಗೆ ಹೇಳ್ತಿದ್ದೀನಿ ಅಂತ ಆಗ ಗೊತ್ತಾಯ್ತು. ತಿರುಗೋಕೆ ನಾಚಿಕೆ. ಆ ಗಾಬರಿಯಲ್ಲಿ ಒಂದು ತಪ್ಪು ಮಾಡಿದೆ, ಗುರುಗಳೇ. ಮೊದಲನೇ ವರ್ಷದ ಹುಡುಗ್ರು ಹಿಡಿಯೋ ಅಂಥ ತಪ್ಪು. ನೀವೇ ನಮಗೆ ಅದನ್ನ ಹೇಳಿ ಹೇಳಿ ಬೈತಿದ್ರಿ. ನೀವು ಈಗ ಕೂಗ್ತೀರಿ, ಈಗ ಕೂಗ್ತೀರಿ ಅಂತ ಕಾಯ್ತಾ ಇದ್ದೆ."

"ತಪ್ಪಾ? ಇಲ್ಲ, ಇಲ್ಲ," ಎಂದು ಮುದುಕರು ತಟ್ಟುತ್ತಲೇ ಇದ್ದರು. "ಒಂದೂ ತಪ್ಪಿರ್ಲಿಲ್ಲ. ನಿರ್ದುಷ್ಟವಾಗಿತ್ತು. ಮನಸ್ಸಿಗೆ ಹಚ್ಕೋಬೇಡ."

"ಎರಡೂ ತ್ರಿಕೋನ ಒಂದೇ ಗೋಡೆ ಮೇಲಿದ್ರೆ ನಾನು ಕೊಟ್ಟ ರುಜುವಾತು ನಿಲ್ಲಲ್ಲ," ಎಂದ ಅನ್ಸೆಲ್ಮ್. "ಒಂದನ್ನ ಗೋಡೆಯಿಂದ ಎತ್ತಬೇಕು. ನಾನು ಎತ್ತಲಿಲ್ಲ. ನೀವು ಕೇಳ್ಲೇ ಇಲ್ಲ."

ತಟ್ಟುತ್ತಿದ್ದ ಕೈ ನಿಂತಿತು. ನನ್ನ ಗಂಡ ಗುರುವಿನ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ಅವಸರವಿಲ್ಲದೆ, ಒಂದೊಂದೇ ಬೆರಳಾಗಿ ಬಿಡಿಸಿಕೊಂಡ. ಮುದುಕರ ಕೈ ಮತ್ತೆ ಗಾಳಿಯಲ್ಲಿ ನಿಂತಿತು. ಅದು ಅಲ್ಲಿದೆ ಎಂದು ಈ ಸಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಡಿ, ಒದೀಲ್," ಎಂದ.

ನಾನು ತೋಳು ಕೊಟ್ಟೆ. ಅವನು ತಲೆಯೆತ್ತಿ ನಡೆದ. ನಾವು ಹೊಸ್ತಿಲು ದಾಟುತ್ತಿದ್ದಾಗ ಹಿಂದಿನಿಂದ ದೆಲ್ಪೆಶ್ ದನಿ ಕೇಳಿಸಿತು: "ನೋಡಿದ್ರಾ ತಾರ್ದಿವೆಲ್? ಕೈ ಕಿತ್ಕೊಂಡು ಹೋದ! ಒಬ್ಬ ಕುರುಡನಿಗೆ ಇಷ್ಟು ಸೊಕ್ಕಾ?"

"ಇದೆ, ಸ್ವಾಮಿ," ಎಂದೆ ನಾನು, ಬಾಗಿಲು ಎಳೆದುಕೊಂಡೆ.